ಚೆಲ್ಲಿದ ಅರಿಶಿನ, ಮಗುಚಿದ ಹಿಟ್ಟು

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಏನಾದರೊಂದು ಚೆಲ್ಲದೆ ದಿನ ಕಳೆಯುವುದಿಲ್ಲ. ನೀರಿನ ಚೊಂಬು ಉರುಳುತ್ತದೆ, ಹಿಟ್ಟಿನ ಡಬ್ಬಿ ಮಗುಚುತ್ತದೆ, ಅರಿಶಿನದ ಕೈ ಗೋಡೆಗೆ ಅಂಟುತ್ತದೆ. ಎರಡು ಮೂರು ವರ್ಷದ ಕೂಸಿನ ಕೈಗೆ ವಸ್ತುವಿನ ಭಾರವೂ ಅಳತೆಯೂ ಇನ್ನೂ ತಿಳಿದಿರುವುದಿಲ್ಲ. ನಾವು ಅದನ್ನು ತಂಟೆಯೆಂದು ಕರೆಯುತ್ತೇವೆ.

ಚೆಲ್ಲಿದ ಕೂಡಲೆ ಮಗು ಹಿರಿಯರ ಮುಖ ನೋಡುತ್ತದೆ. ಆಗ ಗದರಿಕೆಯೋ ಏಟೋ ಬಿದ್ದರೆ ಮುಂದಿನ ಸಲ ಅದು ಮುಚ್ಚಿಡಲು ಕಲಿಯುತ್ತದೆ. ಮುಚ್ಚಿಡಲು ಕಲಿತ ಮಗು ನಾಳೆ ನಾಣ್ಯ ನುಂಗಿದರೂ ಹೇಳಲು ಹೆದರೀತು. ಆರೋಗ್ಯದ ಪುಟದಲ್ಲಿ ಈ ವಿಷಯವನ್ನೆತ್ತಿಕೊಳ್ಳಲು ಇದೇ ಕಾರಣ.

ನೀರು ಚೆಲ್ಲಿದರೆ ಎರಡು ಬಟ್ಟಲು ಕೊಟ್ಟು ಒಂದರಿಂದ ಇನ್ನೊಂದಕ್ಕೆ ಸುರಿಯಲು ಬಿಡೋಣ. ಬಕೆಟ್ಟನ್ನು ಮಾತ್ರ ಬರಿದು ಮಾಡಿಡಬೇಕು. ಸ್ವಲ್ಪ ನೀರಿನಲ್ಲಿಯೂ ಕೂಸು ಮುಳುಗಬಲ್ಲದು.

ನೆಲಕ್ಕೆ ಬಿದ್ದ ಗೋಧಿಹಿಟ್ಟು ಅಡುಗೆಗೆ ಒದಗದು, ಆಟಕ್ಕೆ ಒದಗುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಕಾಲು ಬಟ್ಟಲು ಉಪ್ಪು, ಒಂದು ಚಮಚ ಎಣ್ಣೆ ಬೆರೆಸಿ ಚಪಾತಿಯ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಬಲ್ಲ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಇಲ್ಲ. ಆದರೆ ಉಪ್ಪು ಬೆರೆತ ಈ ಹಿಟ್ಟನ್ನು ಹೆಚ್ಚು ತಿಂದರೆ ಅಪಾಯವುಂಟು. ಕಂಡದ್ದೆಲ್ಲವನ್ನೂ ಬಾಯಿಗಿಡುವ ವಯಸ್ಸಿನವರಿಗೆ ಇದನ್ನು ಕೊಡಲಾಗದು.

ಎಲ್ಲಕ್ಕಿಂತ ಸೊಗಸಾದುದು ಅರಿಶಿನದ ಆಟ. ಚೆಲ್ಲಿದ ಪುಡಿಯನ್ನು ನೀರಿನಲ್ಲಿ ಕದಡಿ, ಬಿಳಿಯ ಕಾಗದಕ್ಕೆ ಬಳಿದು ಒಣಗಿಸಬೇಕು. ಬಟ್ಟೆ ಸೋಪಿನ ನೀರಿನಲ್ಲಿ ಹತ್ತಿಯ ಬತ್ತಿಯನ್ನು ಅದ್ದಿ ಅದರ ಮೇಲೆ ಗೀಚಿದರೆ ಹಳದಿಯ ನಡುವೆ ಕೆಂಪು ಗೆರೆಗಳು ಮೂಡುತ್ತವೆ. ನಿಂಬೆರಸ ಸೋಕಿಸಿದರೆ ಕೆಂಪು ಅಳಿದು ಹಳದಿ ಮರಳುತ್ತದೆ. ಅರಿಶಿನದ ಬಣ್ಣ ಕ್ಷಾರದಲ್ಲಿ ಕೆಂಪಾಗುತ್ತದೆ, ಹುಳಿಯಲ್ಲಿ ಹಳದಿಯಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದರ ಗುಟ್ಟೂ ಇದೇ. ಐದಾರು ವರ್ಷದ ಮಗು ಇದನ್ನು ಹತ್ತು ಬಾರಿ ಮಾಡಿದರೂ ಬೇಸರಿಸದು.

ಹಾಗೆಂದು ಮಗುವಿನ ಕೈಗೆ ಸುಣ್ಣ ಕೊಡಕೂಡದು. ಎಲೆಅಡಿಕೆಯ ಸುಣ್ಣದ ಡಬ್ಬಿಯನ್ನು ಒತ್ತಿದಾಗ ಕಣ್ಣಿಗೆ ಸಿಡಿದು ದೃಷ್ಟಿಯನ್ನೇ ಕಳೆದುಕೊಂಡ ಮಕ್ಕಳಿದ್ದಾರೆ. ಹಾಗೇನಾದರೂ ಆದರೆ ಕಣ್ಣನ್ನು ಉಜ್ಜದೆ, ಆ ಕ್ಷಣವೇ ಶುದ್ಧ ನೀರನ್ನು ಧಾರೆಯಾಗಿ 20ರಿಂದ 30 ನಿಮಿಷ ಸುರಿದು ತೊಳೆಯಬೇಕು. ಬಳಿಕ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಒಯ್ಯಬೇಕು. ಅಜ್ಜನ ಸಂಚಿ ಎತ್ತರದ ಗೂಟದಲ್ಲಿರಲಿ.

ಸೀಮೆಎಣ್ಣೆ, ಬಿಸಿಯೆಣ್ಣೆ, ಒಡೆದ ಗಾಜು, ಗುಂಡಿಯಂಥ ಸಣ್ಣ ಬ್ಯಾಟರಿ ಇವು ಎಂದಿಗೂ ಆಟದ ಸಾಮಗ್ರಿಗಳಲ್ಲ. ಬ್ಯಾಟರಿ ನುಂಗಿದ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೋಗಬೇಕು. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸುವುದು ತಪ್ಪು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಆಟ ಮುಗಿದ ಮೇಲೆ ಒಂದು ಒದ್ದೆ ಬಟ್ಟೆಯನ್ನು ಮಗುವಿನ ಕೈಗೂ ಕೊಡೋಣ. ಅದು ಒರೆಸಿದ ಜಾಗವನ್ನು ನಾವು ಮತ್ತೊಮ್ಮೆ ಒರೆಸಬೇಕಾಗುತ್ತದೆ, ಆ ಮಾತು ಬೇರೆ.