ಕಬ್ಬಿನ ರವದಿಯೂ ಕೂಳೆ ಬೆಳೆಯೂ

ಹಳಿಯಾಳದ ಸೀಮೆಯಲ್ಲಿ ಕಬ್ಬಿನ ಕಟಾವಾದ ಹೊಲಕ್ಕೆ ಬೆಂಕಿಯಿಡುವ ರೂಢಿಯುಂಟು. ಒಂದೇ ಹೊತ್ತಿನಲ್ಲಿ ನೆಲ ಚೊಕ್ಕಟವಾಗಿ ಕೂಲಿಯ ಖರ್ಚು ಉಳಿಯುವುದೆಂಬುದು ದಿಟವೇ. ಆದರೆ ಈ ಉಳಿತಾಯಕ್ಕಾಗಿ ತೆರುವ ಬೆಲೆಯನ್ನು ಭೂಮಾಲೀಕರು ಲೆಕ್ಕಕ್ಕೆ ತಂದುಕೊಂಡಂತೆ ಕಾಣುವುದಿಲ್ಲ.

ಎಕರೆಯೊಂದಕ್ಕೆ ಸುಮಾರು 3ರಿಂದ 4 ಟನ್ ಒಣ ರವದಿ ದೊರೆಯುವುದು. ಅದರಲ್ಲಿ ಹತ್ತು ಹದಿನೈದು ಕಿಲೋ ಸಾರಜನಕವೂ ಅದಕ್ಕಿಂತ ಹೆಚ್ಚು ಪೊಟ್ಯಾಷೂ ಇರುವುವು. ಸುಟ್ಟರೆ ಸಾರಜನಕದ ಬಹುಭಾಗವು ಹೊಗೆಯಾಗಿ ಹೋಗುವುದು. ಪೊಟ್ಯಾಷು ಬೂದಿಯಲ್ಲಿ ಉಳಿದರೂ ಫಾಲ್ಗುಣದ ಗಾಳಿ ಆ ಬೂದಿಯನ್ನು ಒಡೆಯನ ಹೊಲದಲ್ಲಿಯೇ ನಿಲ್ಲಗೊಡುವುದಿಲ್ಲ. ಇದಕ್ಕೂ ಮಿಗಿಲಾದ ಭಯವೆಂದರೆ, ಈ ಭಾಗದ ಎಷ್ಟೋ ಹೊಲಗಳು ಕಾಡಿನ ಅಂಚಿಗೆ ತಾಗಿವೆ. ಕಾಡಿನ ಎಲೆ ಉದುರಿ ಒಣಗುವ ಕಾಲದಲ್ಲಿಯೇ ಕಟಾವೂ ಮುಗಿಯುವುದು.

ರವದಿಯನ್ನು ಹೊಲದಲ್ಲಿಯೇ ಉಳಿಸಲು ಮೊದಲು ಕಬ್ಬನ್ನು ನೆಲಮಟ್ಟಕ್ಕೆ ಕಡಿಯಿಸತಕ್ಕದ್ದು. ಮೇಲೆ ಉಳಿದ ಬೊಡ್ಡೆಗಳನ್ನು ಹರಿತವಾದ ಗುದ್ದಲಿಯಿಂದ ಸವರಿ, ರವದಿಯನ್ನು ಸಾಲು ಬಿಟ್ಟು ಸಾಲಿನಲ್ಲಿ ಹರಡಬೇಕು. ಬೊಡ್ಡೆಯ ಮೇಲೆ ಬಿದ್ದರೆ ಮೊಳಕೆಗೆ ಬಾಧೆ. ತೆರವಾದ ಸಾಲಿನಲ್ಲಿ ನೀರನ್ನೂ ಗೊಬ್ಬರವನ್ನೂ ಕೊಡಬಹುದು. ಮುಚ್ಚಿದ ಸಾಲಿನಲ್ಲಿ ಕಳೆಯೂ ಕಡಿಮೆ, ತೇವವೂ ಹೆಚ್ಚು ದಿನ ನಿಲ್ಲುವುದು.

ಇಲ್ಲಿ ಒಂದು ಎಡವಟ್ಟು ಸಂಭವಿಸುವುದುಂಟು. ರವದಿಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮೊದಮೊದಲು ಮಣ್ಣಿನ ಸಾರಜನಕವನ್ನು ತಾವೇ ಸೆಳೆದುಕೊಳ್ಳುವುದರಿಂದ ಕೂಳೆಯು ಹಳದಿಗೆ ತಿರುಗುವುದು. ಇದನ್ನು ಕಂಡು ಧೈರ್ಯಗೆಟ್ಟವರು ಮರುವರ್ಷ ಪುನಃ ಕಡ್ಡಿ ಗೀರುವರು. ದೋಷವು ರವದಿಯದಲ್ಲ. ಎಕರೆಗೆ ಸುಮಾರು 30 ಕಿಲೋ ಯೂರಿಯಾ, 40 ಕಿಲೋ ಸೂಪರ್ ಫಾಸ್ಫೇಟ್ ಎರಚಿ, ಸಗಣಿಯ ಬಗ್ಗಡವನ್ನು ಚಿಮುಕಿಸಿ ನೀರು ಹಾಯಿಸಿದರೆ ಕೊಳೆಯುವಿಕೆ ಚುರುಕಾಗುವುದು. ಕೂಳೆಗೆ ಎಂದಿನಂತೆ ಕೊಡುವ ಗೊಬ್ಬರವನ್ನು ಇದಕ್ಕಾಗಿ ಕಡಿತ ಮಾಡಕೂಡದು.

ನೀರು ನಿಲ್ಲುವ ತಗ್ಗು ಗದ್ದೆಗೆ ಈ ಕ್ರಮ ಒಗ್ಗದು. ಅಲ್ಲಿಯ ರವದಿಯನ್ನು ಹೊರತಂದು ಸಗಣಿ, ಗಂಜಲದ ಮಣ್ಣು, ಬೂದಿಗಳೊಡನೆ ಪದರುಪದರಾಗಿ ಒಟ್ಟಿ, ತೇವ ಕಾಯ್ದು, ಆಗಾಗ ತಿರುವಿ ಕಾಂಪೋಸ್ಟ್ ಮಾಡುವುದು ಲೇಸು. ಆಲ್ಬರ್ಟ್ ಹೊವಾರ್ಡರು ಇಂದೂರಿನಲ್ಲಿ ರೂಪಿಸಿ 1931ರಲ್ಲಿ ಪ್ರಕಟಿಸಿದ ಪದ್ಧತಿಯ ತಿರುಳೂ ಇದೇ. ಕೆಂಪು ಕೊಳೆ ರೋಗ ತಗುಲಿದ ಹೊಲದಲ್ಲಿ ಮಾತ್ರ ಕೂಳೆಯನ್ನು ಬಿಡಲೇಬಾರದು. ರೋಗದ ಬೊಡ್ಡೆಗಳನ್ನು ಕಿತ್ತು, ಕಾಡಿನಿಂದ ದೂರದಲ್ಲಿ, ಗಾಳಿಯಿಲ್ಲದ ವೇಳೆಯಲ್ಲಿ ಸುಡತಕ್ಕದ್ದು.

ಕಡಿಯುವ ಗ್ಯಾಂಗಿನೊಡನೆ ಕೂಲಿಯ ಮಾತಾಗುವಾಗಲೇ, ಬೆಂಕಿಯಿಡಕೂಡದೆಂಬುದನ್ನೂ ನೆಲಮಟ್ಟದ ಕಡಿತವನ್ನೂ ಭೂಮಾಲೀಕರು ಗೊತ್ತುಪಡಿಸಿಕೊಳ್ಳಬೇಕು. ಹರಡಿದ ರವದಿಯೂ ಒಣಗಿರುವವರೆಗೆ ಕಿಡಿಗೆ ಸುಲಭದ ತುತ್ತು. ಆದುದರಿಂದ ಕಾಡಿನ ಅಂಚಿಗೂ ನೆರೆಯವರ ಬದುವಿಗೂ ತಾಗಿದಂತೆ ಹತ್ತು ಹದಿನೈದು ಅಡಿ ಅಗಲದ ಪಟ್ಟಿಯಿಂದ ಅದನ್ನು ಒಳಕ್ಕೆ ಸರಿಸಿ, ಆ ಪಟ್ಟಿಯನ್ನು ಮಳೆ ಬೀಳುವವರೆಗೆ ಬರಿದಾಗಿಯೇ ಇರಿಸತಕ್ಕದ್ದು.