ಬಿಟುಮೆನ್ನಿನೊಳಗಿನ ಮೇಣ

ರಸ್ತೆಗೆ ಬಳಸುವ ಬಿಟುಮೆನ್ ನೋಡಲು ಒಂದೇ ಕಪ್ಪು ವಸ್ತು. ನಿಜಕ್ಕೂ ಅದು ಕಚ್ಚಾ ತೈಲವನ್ನು ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಅಸಂಖ್ಯ ಬಗೆಯ ಅಣುಗಳ ಬೆರಕೆ. ಅವುಗಳಲ್ಲಿ ಇಂಗಾಲದ ಉದ್ದುದ್ದ ಸರಪಳಿಗಳೂ ಇರುತ್ತವೆ, ಅವೇ ಮೇಣ. ಅದರ ಪ್ರಮಾಣ ತೈಲ ಸಿಕ್ಕ ನೆಲವನ್ನು ಅವಲಂಬಿಸಿದೆ. ಅಸ್ಸಾಮಿನ ತೈಲದಲ್ಲಿ ಮೇಣ ಹೆಚ್ಚು. ಭಾರತೀಯ ಮಾನಕ ಐಎಸ್ 73 ಹಿಂದೊಮ್ಮೆ ಅಸ್ಸಾಂ ಮೂಲದ ಬಿಟುಮೆನ್ನನ್ನು ‘ಎ’ ಎಂದೂ ಉಳಿದದ್ದನ್ನು ‘ಎಸ್’ ಎಂದೂ ಬೇರೆಬೇರೆಯಾಗಿ ಗುರುತಿಸುತ್ತಿತ್ತು.

ಜಲ್ಲಿಯೊಡನೆ ಕಲಸುವಾಗ, ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೇಣವೆಲ್ಲ ಕರಗಿರುತ್ತದೆ. ತಣಿಯುತ್ತ ಬಂದಂತೆ ಮೊದಲು ಉದ್ದನೆಯ ನೇರ ಸರಪಳಿಗಳು ಪಕ್ಕಪಕ್ಕ ಜೋಡಿಸಿಕೊಂಡು ಹರಳಾಗುತ್ತವೆ. ಗಿಡ್ಡನೆಯವು ಇನ್ನಷ್ಟು ತಣಿಯಬೇಕು. ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಅರ್ಧ ಬೆಳ್ಳಗೆ ಹೆಪ್ಪುಗಟ್ಟಿ ಅರ್ಧ ತಿಳಿಯಾಗಿರುತ್ತದಲ್ಲ, ಹಾಗೆಯೇ ಇದು ಹಂತಹಂತದ ಕೆಲಸ. ಕವಲೊಡೆದ ಸರಪಳಿಗಳು ಅಚ್ಚುಕಟ್ಟಾಗಿ ಜೋಡಣೆಯಾಗಲಾರವು, ಹಾಗಾಗಿ ಅವುಗಳ ಹರಳು ತೀರ ಸಣ್ಣದು.

ಇಲ್ಲಿ ಚೆನ್ನಾಗಿ ಗಮನಿಸಬೇಕಾದದ್ದು ಕಾಲ. ತಣ್ಣಗಿನ ಬಿಟುಮೆನ್ ಎಷ್ಟು ಮಂದವೆಂದರೆ ಅಣುಗಳು ಅದರಲ್ಲಿ ತೆವಳಬೇಕು. ಬಿಟುಮೆನ್ನಿನ ಸಣ್ಣ ಪಟ್ಟಿಯೊಂದನ್ನು ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿಟ್ಟು ಒಂದು ಗಂಟೆಯ ಬಳಿಕ ಅದು ಎಷ್ಟು ಗಡುಸೆಂದು ಅಳೆಯಿರಿ. ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. ಉಷ್ಣತೆ ಬದಲಾಗದಿದ್ದರೂ ಅದು ಇನ್ನಷ್ಟು ಗಡುಸಾಗಿರುತ್ತದೆ. ಈ ಗಡುಸಿಗೆ ಮೇಣದ ನಿಧಾನ ಹರಳುಗಟ್ಟುವಿಕೆ ಒಂದು ಮುಖ್ಯ ಕಾರಣ. ಗಾಳಿಯ ಆಮ್ಲಜನಕದಿಂದ ಬರುವ ಮುಪ್ಪಿನೊಂದಿಗೆ ಇದನ್ನು ಬೆರೆಸಬೇಡಿ: ಆ ಮುಪ್ಪು ಹಿಂದಕ್ಕೆ ಹೋಗದು, ಈ ಗಡುಸು ಬಿಸಿ ಮಾಡಿದರೆ ಮಾಯ. ಚಳಿಗೆ ರಸ್ತೆ ಬಿರುಕುಬಿಡುವ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಇದಕ್ಕಾಗಿಯೇ 72 ಗಂಟೆಗಳವರೆಗೆ ಕಾದು ಅಳೆಯುವ ಪರೀಕ್ಷೆ ಇದೆ.

ಪರಮಾಣುಬಲ ಸೂಕ್ಷ್ಮದರ್ಶಕದಲ್ಲಿ ಕೆಲವು ಬಿಟುಮೆನ್‌ಗಳ ಮೇಲ್ಮೈಯಲ್ಲಿ ಜೇನುಹುಳದ ಹೊಟ್ಟೆಯಂಥ ಪಟ್ಟೆಗಳು ಕಾಣುತ್ತವೆ. 1996ರಲ್ಲಿ ಇವು ವರದಿಯಾದಾಗ ಬಿಟುಮೆನ್ನಿನ ಅತಿ ಭಾರದ ಅಣುಗಳಾದ ಆಸ್ಫಾಲ್ಟೀನುಗಳ ಕಡೆಗೆ ಬೆರಳು ಹೋಯಿತು. ಮುಂದೆ, ಮೇಣದ ತೆಳುಪದರ ತಣಿದು ಸುಕ್ಕುಗಟ್ಟುವುದರಿಂದ ಪಟ್ಟೆ ಮೂಡುತ್ತದೆ ಎಂಬ ವಿವರಣೆ ಬಲವಾಯಿತು. ನನಗೂ ಅದೇ ಸರಿ ಎನಿಸುತ್ತದೆ.

ಚಳಿನಾಡಿನ ಕಷ್ಟ ಬಿರುಕಾದರೆ, ನಮ್ಮ ಬಿಸಿಲಿನ ಕಷ್ಟ ಬೇರೆಯದು. 25 ಡಿಗ್ರಿಯಲ್ಲಿ ಸೂಜಿ ಇಳಿಸಿ ನೋಡುವ ಪರೀಕ್ಷೆಯಲ್ಲಿ ಹರಳುಗಳು ಇನ್ನೂ ಗಟ್ಟಿಯಾಗಿರುವುದರಿಂದ ಮೇಣಭರಿತ ಬಿಟುಮೆನ್ ಗಟ್ಟಿಮುಟ್ಟಾಗಿ ಕಾಣುತ್ತದೆ. ಬೇಸಿಗೆಯ ರಸ್ತೆ 60 ಡಿಗ್ರಿ ಮುಟ್ಟಿದಾಗ ಆ ಹರಳುಗಳಲ್ಲಿ ಬಹುಪಾಲು ಕರಗಿರುತ್ತವೆ. ಲಾರಿ ಚಕ್ರದಡಿ ರಸ್ತೆ ತಗ್ಗುತ್ತದೆ. 2006ರಲ್ಲಿ ಐಎಸ್ 73 ಸೂಜಿಯ ದರ್ಜೆಗಳನ್ನು ಬಿಟ್ಟು, 60 ಡಿಗ್ರಿಯ ಸ್ನಿಗ್ಧತೆಯನ್ನು ಆಧರಿಸಿದ ವಿಜಿ ದರ್ಜೆಗಳಿಗೆ ಬಂದದ್ದು ಈ ದೃಷ್ಟಿಯಿಂದ ಒಳ್ಳೆಯ ಹೆಜ್ಜೆ.

ಹಾಗೆಂದು ಮೇಣವನ್ನೆಲ್ಲ ದೂರಬೇಕಿಲ್ಲ. ಅನಿಲಗಳಿಂದ ಇಂಗಾಲದ ಸರಪಳಿ ಕಟ್ಟುವ ಫಿಷರ್-ಟ್ರಾಪ್ಷ್ ವಿಧಾನದಲ್ಲಿ ತಯಾರಿಸಿದ ಮೇಣದ ಸರಪಳಿ ಬಲು ಉದ್ದ. ಅದು ಕರಗುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಕಲಸುವಾಗ ಬಿಟುಮೆನ್ನನ್ನು ತೆಳ್ಳಗಾಗಿಸುವುದರಿಂದ ಕಡಿಮೆ ಉರಿ ಸಾಕು, ನಡುಬೇಸಿಗೆಯಲ್ಲೂ ಹರಳು ಹರಳಾಗಿಯೇ ಉಳಿಯುತ್ತದೆ. ಆದರೆ ಹಿಮ ಬೀಳುವ ಊರಿಗೆ ಅದನ್ನು ಬೆರೆಸುವ ಮುನ್ನ ತಣ್ಣಗಿನ ಪರೀಕ್ಷೆಯನ್ನು ಮಾಡಿಯೇ ತೀರಬೇಕು.