ಪಾಠ 14: ಗಿಡದ ಮನೆ

ಮೈಸೂರಿನಲ್ಲಿ ಒಂದು ವಠಾರ. ಅಲ್ಲಿ ಒಂದು ಬಾಡಿಗೆ ಮನೆ. ಆ ಮನೆಯಲ್ಲಿ ಅತ್ತೆ, ಸೊಸೆ ಇದ್ದರು. ಮನೆಯ ಮುಂದೆ ಅಂಗೈ ಅಗಲ ಮಣ್ಣೂ ಇಲ್ಲ. ಎಲ್ಲಾ ಕಲ್ಲುಚಪ್ಪಡಿ.

ಸೊಸೆ ತವರಿಗೆ ಹೋಗಿದ್ದಳು. ಬರುವಾಗ ಒಂದು ಪಚ್ಚಬಾಳೆ ಕಂದು ತಂದಳು. ಎಣ್ಣೆ ಡಬ್ಬದಲ್ಲಿ ನೆಟ್ಟಳು. ಪಚ್ಚಬಾಳೆ ಗಿಡ್ಡ ಜಾತಿ. ಡಬ್ಬ, ಡ್ರಮ್ಮುಗಳಲ್ಲಿ ಬೆಳೆಸಲು ಅನುಕೂಲ.

ಐದು ತಿಂಗಳು ಗಿಡ ಚೆನ್ನಾಗಿ ಬಂತು. ಆಮೇಲೆ ಸೊರಗಿತು. ಹೊಸ ಎಲೆ ಚಿಕ್ಕದಾಯಿತು. ಹಳೆಯ ಎಲೆ ಹಳದಿಯಾಯಿತು. ಬೆಳಿಗ್ಗೆ ನೀರು ಹಾಕಿದರೂ ಮಧ್ಯಾಹ್ನ ಬಾಡುತ್ತಿತ್ತು.

"ಅಮ್ಮನ ಮನೆ ಗಿಡ. ಸತ್ತೇ ಹೋಗುತ್ತೆ ಅತ್ತೆ" ಎಂದು ಸೊಸೆ ಅತ್ತಳು.

ಅತ್ತೆ ಹಿಂದೆ ಬಾಳೆ ತೋಟದಲ್ಲಿ ಕೂಲಿ ಮಾಡಿದವರು. ಡಬ್ಬವನ್ನು ಓರೆ ಮಾಡಿ ತಳ ನೋಡಿದರು. ತೂತಿನಿಂದ ಬೇರು ಹೊರಗೆ ಬಂದಿತ್ತು.

"ಅಳಬೇಡ ಕಣವ್ವ. ಇದು ರೋಗ ಅಲ್ಲ. ಬೇರಿಗೆ ಜಾಗ ಸಾಲದು. ಮನೆ ಬದಲಾಯಿಸೋಣ."

"ಯಾರ ಮನೆ ಅತ್ತೆ?"

"ಗಿಡದ ಮನೆ!"

ಸೊಸೆ ಅಳುತ್ತಲೇ ನಕ್ಕಳು.

ಅವರು ಹೀಗೆ ಮಾಡಿದರು

1. ಗುಜರಿಯಿಂದ ಅರ್ಧ ಕತ್ತರಿಸಿದ ದೊಡ್ಡ ಡ್ರಮ್ ತಂದರು. ವಿಷ, ಆಸಿಡ್ ತುಂಬಿದ್ದ ಡ್ರಮ್ ಬೇಡ ಎಂದು ಕೇಳಿ ತಂದರು. ಚೆನ್ನಾಗಿ ತೊಳೆದರು. ತಳಕ್ಕೆ 6 ತೂತು ಮಾಡಿದರು.

2. ಬಿಸಿಲು ಬೀಳುವ ಕಡೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಡ್ರಮ್ ಇಟ್ಟರು. ಮಣ್ಣು ತುಂಬಿದ ಮೇಲೆ ಎತ್ತಲು ಆಗುವುದಿಲ್ಲ.

3. 2 ಬುಟ್ಟಿ ಕೆಮ್ಮಣ್ಣು, 1 ಬುಟ್ಟಿ ಮರಳು, 1 ಬುಟ್ಟಿ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿದರು. ಹಸಿ ಸಗಣಿ ಹಾಕಲಿಲ್ಲ. ಅದು ಬೇರನ್ನು ಸುಡುತ್ತದೆ.

4. ಹಿಂದಿನ ದಿನವೇ ಡಬ್ಬಕ್ಕೆ ನೀರು ಹಾಕಿದ್ದರು. ಸಂಜೆ ಹೊತ್ತು ಡಬ್ಬದ ಬದಿ ಕತ್ತರಿಸಿ ಗಿಡವನ್ನು ಮಣ್ಣಿನ ಹೆಂಟೆ ಸಮೇತ ತೆಗೆದರು. ಬೇರು ಸಿಂಬೆಯ ಹಾಗೆ ಸುತ್ತಿಕೊಂಡಿತ್ತು. ಅತ್ತೆ ಬೆರಳಿನಿಂದ ಮೆಲ್ಲಗೆ ಬಿಡಿಸಿದರು. ಕೊಳೆತ ಬೇರನ್ನು ಕತ್ತರಿಸಿದರು.

5. ಮೊದಲಿದ್ದಷ್ಟೇ ಆಳಕ್ಕೆ ನೆಟ್ಟರು. ನೀರು ನಿಲ್ಲಲು ಮೇಲೆ 4 ಬೆರಳು ಜಾಗ ಬಿಟ್ಟರು. ಒಂದು ವಾರ ಹಳೆಯ ಸೀರೆ ಕಟ್ಟಿ ನೆರಳು ಮಾಡಿದರು.

ಅತ್ತೆ ಹೇಳಿದ ಮಾತು

"ಬಾಳೆ ಮರ ಅಲ್ಲ, ದೊಡ್ಡ ಗಿಡ. ಕಾಂಡದ ಹಾಗೆ ಕಾಣೋದು ಬರೀ ಪಟ್ಟೆ. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ. ಬೆರಳು ಇಟ್ಟು ನೋಡು. ಮಣ್ಣು ಒಣಗಿದ್ದರೆ ನೀರು ಹಾಕು. ಅಕ್ಕಿ ತೊಳೆದ ನೀರೂ ಆದೀತು.

ತಿಂಗಳಿಗೊಮ್ಮೆ ಎರಡು ಬೊಗಸೆ ಗೊಬ್ಬರ, ಒಂದು ಹಿಡಿ ಸೌದೆ ಬೂದಿ ಹಾಕು. ಬೂದಿಯಲ್ಲಿ ಪೊಟ್ಯಾಷ್ ಇದೆ. ಬಾಳೆಗೆ ಅದು ಬಹಳ ಬೇಕು. ಊಟಕ್ಕೆ ಅಂತ ಎಲೆಯನ್ನೆಲ್ಲ ಕೊಯ್ಯಬೇಡ. ಗಿಡ ಊಟ ಮಾಡೋದೂ ಎಲೆಯಿಂದಲೇ.

ಪಕ್ಕದಲ್ಲಿ ಮರಿ ಏಳುತ್ತವೆ. ಒಂದು ಬಿಟ್ಟು ಉಳಿದದ್ದು ತೆಗೆದುಬಿಡು. ಒಂದು ಬಾಳೆ ಒಂದೇ ಗೊನೆ ಕೊಡುತ್ತೆ. ಅದಕ್ಕೆ ವರ್ಷದ ಮೇಲೂ ಬೇಕು. ಗೊನೆ ಕೊಯ್ದ ಮೇಲೆ ತಾಯಿಯನ್ನು ಕಡಿ. ಮರಿ ಬೆಳೆಯುತ್ತೆ."

ಸೊಸೆ ಸುಣ್ಣದ ಕಡ್ಡಿ ತಂದಳು. ಗೊಬ್ಬರ ಹಾಕುವ ತಾರೀಖನ್ನು ಡ್ರಮ್ಮಿನ ಮೇಲೆ ಬರೆದಳು. ತಾನೇ ಬರೆದಳು. ಅತ್ತೆ ಒಂದೊಂದೇ ಅಕ್ಷರ ಕೂಡಿಸಿ ಓದಿದರು.

ಒಂದು ತಿಂಗಳಾಯಿತು. ಹೊಸ ಎಲೆ ಸುರುಳಿ ಬಿಚ್ಚಿತು. ಹಿಂದಿನ ಎಲೆಗಿಂತ ಅಗಲವಾಗಿತ್ತು. ಸೊಸೆ ತವರಿಗೆ ಕಾಗದ ಬರೆದಳು: "ಅಮ್ಮಾ, ನೀನು ಕೊಟ್ಟ ಬಾಳೆ ಬದುಕಿದೆ."

ಉತ್ತರ ಹೇಳಿ, ಬರೆಯಿರಿ

1. ಗಿಡ ಏಕೆ ಸೊರಗಿತು? ಅತ್ತೆಗೆ ಹೇಗೆ ಗೊತ್ತಾಯಿತು?
2. ಡ್ರಮ್ಮಿನ ತಳಕ್ಕೆ ತೂತು ಏಕೆ ಬೇಕು?
3. ನಿಮ್ಮ ಮನೆಯಲ್ಲಿ ಡಬ್ಬದಲ್ಲಿ ಬೆಳೆದ ಗಿಡ ಯಾವುದು? ಅದರ ತಳ ನೋಡಿದ್ದೀರಾ?

ಓದಿ: ಕಂದು, ಗೆಡ್ಡೆ, ಪಟ್ಟೆ, ಸಿಂಬೆ, ಬೊಗಸೆ, ಗೊಬ್ಬರ